ಕಿರಿಯ ಪೆಟ್ಟಿಗೆಯ ಪರೀಕ್ಷೆ

ನಮ್ಮ ಶಾಲೆಯ ವಿದ್ಯಾರ್ಥಿನಿಲಯದಲ್ಲಿ ವಾಸಮಾಡಿದವರೆಲ್ಲರಿಗೂ ತಗಡಿನ ಟ್ರಂಕಿನ ನೆನಪು ಇದ್ದೇ ಇರುವದು. ಜೂನ್ ತಿಂಗಳ ಮೊದಲನೆಯ ವಾರದಲ್ಲಿ, ಮಳೆಯಲ್ಲಿ ತೊಯ್ದ ಟ್ರಂಕುಗಳು ಜಗಲಿಯ ಮೇಲೆ ಸಾಲಾಗಿ ಇರಿಸಲ್ಪಡುತ್ತಿದ್ದವು. ಅವುಗಳಲ್ಲಿ ಮಂಚದ ಕೆಳಗೆ ಹಿಡಿಸತಕ್ಕವು ಯಾವವು, ಹಿಡಿಸದವು ಯಾವವು ಎಂಬದು ಮನೆಯಲ್ಲಿ ಅಳೆದು ನೋಡದೆ ಬಂದವರಿಗೆ ಆ ಹೊತ್ತಿನಲ್ಲಿಯೇ ತಿಳಿಯುತ್ತಿತ್ತು. ಈ ಸಂಗತಿಯು ನಮ್ಮ ಮನಸ್ಸಿಗೆ ತಿರಿಗಿ ಬರಲು ಕಾರಣವೇನಂದರೆ, ಕಳೆದ ವರುಷ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬರು ತಮ್ಮ ಪತಿಯನ್ನೂ ಮಗಳನ್ನೂ ಕರಕೊಂಡು ನಮ್ಮ ಬಳಿಗೆ ಬಂದು, ಒಂದು ಪೆಟ್ಟಿಗೆಯ ವಿಷಯವಾಗಿಯೇ ನಮ್ಮ ಅಭಿಪ್ರಾಯವನ್ನು ಕೇಳಿದರು.

ಮಗಳಿಗೆ ವಾಸ್ತುಶಿಲ್ಪದ ಕಾಲೇಜಿನಲ್ಲಿ ಸ್ಥಳ ದೊರೆತಿತ್ತು. ಕಟ್ಟಡಗಳ ಚಿತ್ರಗಳನ್ನು ಉದ್ದ, ಅಗಲ, ಎತ್ತರಗಳೊಂದಿಗೆ ಬರೆಯುವದಕ್ಕೆ ಶಕ್ತಿಯುಳ್ಳ ಗಣಕಯಂತ್ರವೊಂದು ಆಕೆಗೆ ಬೇಕಾಗಿತ್ತು. ಅಂಗಗಳನ್ನು ಬಿಡಿಬಿಡಿಯಾಗಿ ತರಿಸಿ ತನ್ನ ಕೈಯಿಂದಲೇ ಜೋಡಿಸುವೆನೆಂದು ಆಕೆಯು ನಿಶ್ಚಯಿಸಿದ್ದಳು. ಅದೆಲ್ಲವನ್ನೂ ಇಡುವದಕ್ಕೆ ಆಕೆಯ ಮನಸ್ಸು ಒಪ್ಪಿದ್ದು ಒಂದು ಪುಟ್ಟ ಅಲ್ಯುಮಿನಿಯಮ್ ಪೆಟ್ಟಿಗೆಯನ್ನು. ತಂದೆಯವರಾದರೋ, “ಬರಿಯ ಡಬ್ಬಿಗೆ ಇಷ್ಟು ಹಣವೇ?” ಎಂದರು. ಅವರ ಮಾತು ಅಲ್ಲಗಳೆಯತಕ್ಕದ್ದಲ್ಲ. ಸಾಧಾರಣ ಉಕ್ಕಿನ ಪೆಟ್ಟಿಗೆಗಿಂತ ಇದಕ್ಕೆ ಹೆಚ್ಚಾಗಿ ಕೊಡಬೇಕಾದ ಹಣವು, ಯಂತ್ರದ ಸ್ಮರಣೆಯನ್ನು 32 ಗಿಗಾಬೈಟಿನಿಂದ 16ಕ್ಕೆ ಇಳಿಸುವಷ್ಟಾಗಿತ್ತು. ಉಳಿತಾಯದ ಹಣ ಅಷ್ಟೇ ಇದ್ದ ಮನೆಯಲ್ಲಿ ಇದು ಸಣ್ಣ ಮಾತಲ್ಲ. ಇನ್ನೊಂದು ಕಡೆ, ಹಾಸ್ಟೆಲಿನಲ್ಲಿ ಆಕೆಗೆ ಸಿಕ್ಕತಕ್ಕ ಮೇಜು ಮೂರಡಿ ಉದ್ದ, ಎರಡಡಿ ಅಗಲದ್ದು. ವರುಷಕ್ಕೆ ಎರಡು ಸಾರಿ ಯಂತ್ರವನ್ನು ಬಸ್ಸಿನಲ್ಲಿ ಹೊತ್ತು ತರಬೇಕು. ಹೀಗೆ ಇಬ್ಬರ ಮಾತಿನಲ್ಲಿಯೂ ನ್ಯಾಯವಿದ್ದುದರಿಂದ, ಪೆಟ್ಟಿಗೆಯನ್ನೇ ಪರೀಕ್ಷೆಗೆ ಕೂರಿಸುವದು ಲೇಸೆಂದು ನಮಗೆ ತೋರಿತು.

ಮೊದಲು ಅಳತೆಯ ವಿಚಾರ. ಮೇಜಿನ ಗಣಕಯಂತ್ರದ ಅಂಗಗಳಿಗೆ ಗೊತ್ತಾದ ಅಳತೆಗಳುಂಟು. ಇಲ್ಲವಾದರೆ ಒಬ್ಬರು ಮಾಡಿದ ಪೆಟ್ಟಿಗೆಯಲ್ಲಿ ಮತ್ತೊಬ್ಬರು ಮಾಡಿದ ಅಂಗಗಳು ಕೂಡಲಾರವು. 1995ರಲ್ಲಿ ಇಂಟೆಲ್ ಸಂಸ್ಥೆಯವರು ಹೊರಪಡಿಸಿದ ಎಟಿಎಕ್ಸ್ ಎಂಬ ನಿಯಮದ ಪ್ರಕಾರ ಮದರ್‌ಬೋರ್ಡು, ಅಂದರೆ ಉಳಿದ ಅಂಗಗಳನ್ನೆಲ್ಲಾ ಹೊರುವ ತಾಯಿಹಲಗೆಯು, 305 ಮಿಲಿಮೀಟರ್ ಉದ್ದ, 244 ಮಿಲಿಮೀಟರ್ ಅಗಲ ಇರುತ್ತದೆ. 2001ರಲ್ಲಿ ತೈವಾನಿನ ವಿಯಾ ಸಂಸ್ಥೆಯವರು ಮಿನಿ-ಐಟಿಎಕ್ಸ್ ಎಂಬ ಕಿರಿಯ ಹಲಗೆಯನ್ನು ತಂದರು. ಇದು 170 ಮಿಲಿಮೀಟರಿನ ಚೌಕ. ನಾಲ್ಕಾಗಿ ಮಡಿಸಿದ ಕರವಸ್ತ್ರಕ್ಕಿಂತ ಬಹಳ ದೊಡ್ಡದಲ್ಲ. ಹಾಗೆಯೇ ವಿದ್ಯುತ್ತನ್ನು ಹದಮಾಡಿ ಹಂಚುವ ಪವರ್ ಸಪ್ಲೈಯಲ್ಲಿ ದೊಡ್ಡದು 150, 86, 140 ಮಿಲಿಮೀಟರುಗಳದ್ದಾದರೆ, ಎಸ್‌ಎಫ್‌ಎಕ್ಸ್ ಎಂಬ ಕಿರಿದು 125, 63.5, 100 ಮಿಲಿಮೀಟರುಗಳದ್ದು. ಗುಣಿಸಿ ನೋಡಿದರೆ ಕಿರಿದರ ಗಾತ್ರವು ದೊಡ್ಡದರ ಅರ್ಧಕ್ಕಿಂತಲೂ ಕಡಿಮೆಯಾಗುವದು.

ನಿಲುವಾದ ಸಾಧಾರಣ ಪೆಟ್ಟಿಗೆಯ ಗಾತ್ರವು ಸುಮಾರು 40 ಲೀಟರ್. ಜರ್ಮನಿಯ ವಿನ್ಯಾಸಕಾರರೊಬ್ಬರು ರೂಪಿಸಿ ತೈವಾನಿನ ಲಿಯಾನ್ ಲಿ ಕಾರ್ಖಾನೆಯಲ್ಲಿ ಮಾಡಲ್ಪಟ್ಟ ಡ್ಯಾನ್ ಎ4-ಎಸ್‌ಎಫ್‌ಎಕ್ಸ್ ಎಂಬ ಪೆಟ್ಟಿಗೆಯು 200, 115, 317 ಮಿಲಿಮೀಟರುಗಳದ್ದು. ಅಂದರೆ 7 ಲೀಟರಿಗೆ ಸ್ವಲ್ಪ ಮೇಲೆ, ಒಂದು ಕೊಡದ ನೀರಿಗಿಂತ ಕಡಿಮೆ. ಇಷ್ಟು ಕಿರಿದರಲ್ಲಿ ಎಲ್ಲವೂ ಹಿಡಿಸುವ ಬಗೆ ಹೇಗೆಂದರೆ, ಚಿತ್ರಗಳನ್ನು ಬಿಡಿಸುವ ಗ್ರಾಫಿಕ್ಸ್ ಕಾರ್ಡು ತಾಯಿಹಲಗೆಯ ಮೇಲೆ ನಿಲ್ಲದೆ, ಅದರ ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲುತ್ತದೆ. ಎರಡರ ನಡುವೆ ಪಟ್ಟಿಯಂಥ ಚಪ್ಪಟೆ ತಂತಿಯೊಂದು ಸಂಬಂಧ ಕಲ್ಪಿಸುತ್ತದೆ. ಈ ಯುಕ್ತಿಯನ್ನು ನಾವು ಮೆಚ್ಚುತ್ತೇವೆ. ಅದಾಗ್ಯೂ ಇಂಥ ಪೆಟ್ಟಿಗೆಯಲ್ಲಿ ಒಂದೊಂದು ಮಿಲಿಮೀಟರಿಗೂ ಲೆಕ್ಕ ಒಪ್ಪಿಸಬೇಕಾಗುತ್ತದೆ. ಅದರೊಳಗೆ ಪ್ರೊಸೆಸರಿನ ಮೇಲಿನ ಶೀತಕವು 48 ಮಿಲಿಮೀಟರಿಗಿಂತ ಎತ್ತರವಾಗಿರಬಾರದು, ಗ್ರಾಫಿಕ್ಸ್ ಕಾರ್ಡು 295 ಮಿಲಿಮೀಟರಿಗಿಂತ ಉದ್ದವಾಗಿರಬಾರದು.

ಇನ್ನು ಲೋಹದ ವಿಚಾರ. ಅಂಗಡಿಯವರು ಅಲ್ಯುಮಿನಿಯಮ್ ಹಗುರವೆಂದು ಹೇಳುವರು, ಅದು ನಿಜವೇ. ಒಂದು ಘನ ಸೆಂಟಿಮೀಟರ್ ಉಕ್ಕು 7.85 ಗ್ರಾಂ ತೂಗಿದರೆ ಅಲ್ಯುಮಿನಿಯಮ್ 2.7 ಗ್ರಾಂ ಮಾತ್ರ ತೂಗುತ್ತದೆ. ಆದರೆ ಅಲ್ಯುಮಿನಿಯಮ್ ಉಕ್ಕಿನಷ್ಟು ಬಿಗಿಯಲ್ಲ. ಒಂದೇ ದಪ್ಪದ ಎರಡು ತಗಡುಗಳನ್ನು ಒತ್ತಿದರೆ ಅದು ಸುಮಾರು ಮೂರು ಪಾಲು ಹೆಚ್ಚಾಗಿ ಬಾಗುವದು. ಆದುದರಿಂದ ಅದನ್ನು ದಪ್ಪವಾಗಿಯೇ ಉಪಯೋಗಿಸಬೇಕು. ಮೇಲೆ ಹೇಳಿದ 7 ಲೀಟರಿನ ಪೆಟ್ಟಿಗೆಯ ಆರು ಮುಖಗಳನ್ನು 1.5 ಮಿಲಿಮೀಟರಿನ ಅಲ್ಯುಮಿನಿಯಮಿನಿಂದ ಮುಚ್ಚಿದರೆ ಸುಮಾರು 1 ಕಿಲೋ ಆಗುವದು, 0.8 ಮಿಲಿಮೀಟರಿನ ಉಕ್ಕಿನಿಂದ ಮುಚ್ಚಿದರೆ ಒಂದೂವರೆ ಕಿಲೋ. ಲಾಭವಾದದ್ದು ಅರ್ಧ ಕಿಲೋ ಮಾತ್ರ. ಅಷ್ಟಕ್ಕಾಗಿ ಯಾರೂ ಹೆಚ್ಚು ಹಣ ಕೊಡಬೇಕಾಗಿಲ್ಲ. ನಿಜವಾದ ಲಾಭವು ಬೇರೆ ಇದೆ. ತಗಡಿನ ಬಿಗಿಯು ದಪ್ಪದ ಘನಕ್ಕೆ ಅನುಸಾರವಾಗಿ ಏರುವದರಿಂದ, ಆ ದಪ್ಪ ಅಲ್ಯುಮಿನಿಯಮ್ ಗೋಡೆಯು ಆ ತೆಳ್ಳಗಿನ ಉಕ್ಕಿನ ಗೋಡೆಗಿಂತ ಎರಡು ಪಾಲಿಗೂ ಮಿಕ್ಕಿ ಬಿಗಿಯಾಗಿರುತ್ತದೆ. ಬಸ್ಸಿನಲ್ಲಿ ಒತ್ತಡಕ್ಕೆ ಸಿಕ್ಕಿದರೂ ನಗ್ಗುವದಿಲ್ಲ. ಇದಲ್ಲದೆ ನಮ್ಮ ಕರಾವಳಿಯ ಉಪ್ಪುಗಾಳಿಯಲ್ಲಿ ಬಣ್ಣ ಎದ್ದ ಉಕ್ಕಿಗೆ ಒಂದೇ ಮಳೆಗಾಲದಲ್ಲಿ ಕೆಂಪು ತುಕ್ಕು ಹತ್ತುವದನ್ನು ಯಾರು ನೋಡಿಲ್ಲ? ಅಲ್ಯುಮಿನಿಯಮಿಗೆ ಆ ರೋಗವಿಲ್ಲ.

ಎಲ್ಲಕ್ಕಿಂತ ಹೆಚ್ಚಾದ ತಪ್ಪುಕಲ್ಪನೆಯು ಶಾಖದ ವಿಷಯದಲ್ಲಿ ಇರುತ್ತದೆ. ಹಿಂಡಾಲಿಯಂ ಪಾತ್ರೆಯಲ್ಲಿ ಹಾಲು ಬೇಗನೆ ಉಕ್ಕುವದನ್ನು ಕಂಡವರು, ಅಲ್ಯುಮಿನಿಯಮ್ ಶಾಖವನ್ನು ಚೆನ್ನಾಗಿ ಒಯ್ಯುವದರಿಂದ ಆ ಪೆಟ್ಟಿಗೆಯಲ್ಲಿರುವ ಯಂತ್ರವು ತಂಪಾಗಿರುವದೆಂದು ಊಹಿಸುತ್ತಾರೆ. ಮಗಳೂ ಹಾಗೆಯೇ ವಾದಿಸಿದಳು. ಅಲ್ಯುಮಿನಿಯಮ್ ಸಾಧಾರಣ ಉಕ್ಕಿಗಿಂತ ನಾಲ್ಕೈದು ಪಾಲು ಹೆಚ್ಚಾಗಿ ಶಾಖವನ್ನು ಒಯ್ಯುವದು ಸತ್ಯವೇ. ಆದರೆ ಪಾತ್ರೆಯು ಉರಿಯನ್ನು ಮುಟ್ಟುತ್ತದೆ. ಪ್ರೊಸೆಸರಾಗಲಿ ಗ್ರಾಫಿಕ್ಸ್ ಕಾರ್ಡಾಗಲಿ ಪೆಟ್ಟಿಗೆಯ ಗೋಡೆಯನ್ನು ಮುಟ್ಟುವದಿಲ್ಲ. ನಡುವೆ ಗಾಳಿಯಿದೆ, ಗಾಳಿಯು ಶಾಖಕ್ಕೆ ಬಹು ಕೆಟ್ಟ ವಾಹಕ. ಗೋಡೆಯಿಂದ ಹೊರಗಣ ಗಾಳಿಗೆ ಶಾಖವು ದಾಟುವದೂ ನಿಧಾನವೇ. ಆ 7 ಲೀಟರಿನ ಪೆಟ್ಟಿಗೆಯ ಮೈಯೆಲ್ಲಾ ಸೇರಿ ಕಾಲು ಚದರ ಮೀಟರ್ ಆಗುತ್ತದೆ. ಗೋಡೆಯು ಕೋಣೆಗಿಂತ 15 ಡಿಗ್ರಿ ಬಿಸಿಯಾದರೂ ಅದು ಹೊರಗೆ ಬಿಡುವದು 35 ಅಥವಾ 40 ವಾಟಿನಷ್ಟು. ಯಂತ್ರವು ಪೂರ್ಣವಾಗಿ ದುಡಿಯುವಾಗ ಪ್ರೊಸೆಸರು 80 ವಾಟ್, ಗ್ರಾಫಿಕ್ಸ್ ಕಾರ್ಡು 170 ವಾಟ್ ಎಣಿಸಿದರೂ 250 ವಾಟ್ ಶಾಖ ಹುಟ್ಟುವದು. ಇದು 1000 ವಾಟಿನ ಇಸ್ತ್ರಿಪೆಟ್ಟಿಗೆಯ ಕಾಲುಭಾಗ. ಗೋಡೆಯು ಉಕ್ಕಿನದಾದರೂ ಲೆಕ್ಕವು ಹೆಚ್ಚುಕಡಿಮೆ ಅದೇ. ಪ್ರೊಸೆಸರಿನಿಂದ ತಾಮ್ರದ ಕೊಳವೆಗಳನ್ನು ತಂದು ದಪ್ಪ ಗೋಡೆಗೆ ಬಿಗಿದು, ಬೀಸಣಿಗೆಯೇ ಇಲ್ಲದಂತೆ ಮಾಡಿದ ಪೆಟ್ಟಿಗೆಗಳೂ ಉಂಟು. ಅಲ್ಲಿ ಮಾತ್ರ ಲೋಹವು ನಿಜವಾಗಿ ದುಡಿಯುತ್ತದೆ.

ಹಾಗಾದರೆ ಉಳಿದ ಶಾಖವು ಹೋಗುವದೆಲ್ಲಿಗೆ? ಬೀಸಣಿಗೆಗಳು ನೂಕುವ ಗಾಳಿಯೊಂದಿಗೆ ಹೋಗಬೇಕು. ಗಾಳಿಯು ಒಳಗೆ ಬಂದುದಕ್ಕಿಂತ 10 ಡಿಗ್ರಿ ಮಾತ್ರ ಬಿಸಿಯಾಗಿ ಹೊರಡಬೇಕಾದರೆ, 250 ವಾಟಿಗೆ ಒಂದು ಸೆಕೆಂಡಿನಲ್ಲಿ ಸುಮಾರು 20 ಲೀಟರ್ ಗಾಳಿ ಬೇಕು. ಅಂದರೆ ಆ ಪುಟ್ಟ ಪೆಟ್ಟಿಗೆಯಲ್ಲಿರುವ ಗಾಳಿಯೆಲ್ಲವೂ ಒಂದು ಸೆಕೆಂಡಿನಲ್ಲಿ ಹತ್ತಿರ ಹತ್ತಿರ ಮೂರು ಸಾರಿ ಬದಲಾಗಬೇಕು! ಏಪ್ರಿಲ್ ತಿಂಗಳಲ್ಲಿ ಕೋಣೆಯೇ 35 ಡಿಗ್ರಿ ಇರುವ ನಮ್ಮ ದೇಶದಲ್ಲಿ ಈ ಲೆಕ್ಕವನ್ನು ಮರೆಯತಕ್ಕದ್ದಲ್ಲ. ಆದುದರಿಂದ ಪೆಟ್ಟಿಗೆಯನ್ನು ನೋಡುವಾಗ ಮೊದಲು ಅದರ ರಂಧ್ರಗಳನ್ನು ನೋಡಬೇಕು. ಕಾರ್ಡಿನ ಬೀಸಣಿಗೆಗಳಿಗೆ ಸರಿಯಾಗಿ ಎದುರಿನ ಗೋಡೆಯಲ್ಲಿ ತೂತುಗಳಿವೆಯೋ? ಬಿಸಿಗಾಳಿ ಹೊರಡುವ ದಾರಿಯು ಒಳಬರುವ ದಾರಿಯಿಂದ ಬೇರೆಯಾಗಿದೆಯೋ? ಅಂದಕ್ಕಾಗಿ ಮುಂಭಾಗವನ್ನೆಲ್ಲಾ ನುಣುಪಾಗಿ ಮುಚ್ಚಿದ ಪೆಟ್ಟಿಗೆಗಳನ್ನು ನಾವು ಕಂಡಿದ್ದೇವೆ. ಅವು ಕಣ್ಣಿಗೆ ತಂಪು, ಯಂತ್ರಕ್ಕಲ್ಲ. ನಮ್ಮ ತಾಯಂದಿರು ರೇಡಿಯೋ ಪೆಟ್ಟಿಗೆಗೆ ಹಾಕುತ್ತಿದ್ದ ಕಸೂತಿಯ ಹೊದಿಕೆಯನ್ನು ನಡೆಯುತ್ತಿರುವ ಗಣಕಯಂತ್ರಕ್ಕೆ ಪ್ರೀತಿಯಿಂದಲೂ ಹಾಕಬಾರದು.

ಈ ಲೆಕ್ಕವನ್ನು ಮುಗಿಸಿ ನಾವು ಮಗಳಿಗೆ ಒಂದು ಕೆಲಸ ಕೊಟ್ಟೆವು. ಹಳೆಯ ರಟ್ಟಿನ ಡಬ್ಬಿಗಳು, ಕತ್ತರಿ, ಅಡಿಕೋಲು, ಇಷ್ಟೇ ಸಾಮಾನು. ತಾಯಿಹಲಗೆ, ಪವರ್ ಸಪ್ಲೈ, ಶೀತಕ, ಕಾರ್ಡು ಇವೆಲ್ಲವುಗಳ ಪ್ರತಿರೂಪಗಳನ್ನು ನಿಜವಾದ ಅಳತೆಯಲ್ಲಿ ರಟ್ಟಿನಿಂದ ಮಾಡಿ, ಪೆಟ್ಟಿಗೆಯ ಒಳ ಅಳತೆಯ ರಟ್ಟಿನ ಗೂಡಿನಲ್ಲಿ ಜೋಡಿಸಬೇಕೆಂದು ಹೇಳಿದೆವು. ಒಂದು ಮಧ್ಯಾಹ್ನವೆಲ್ಲಾ ಆಕೆಯು ನೆಲದ ಮೇಲೆ ಕೂತು ಈ ಕೆಲಸ ಮಾಡಿದಳು. ಗ್ರಾಫಿಕ್ಸ್ ಕಾರ್ಡನ್ನು ಮಾತ್ರ ಕೊಳ್ಳಬೇಕಾಗಿರಲಿಲ್ಲ, ಆಕೆಯ ಸೋದರಮಾವನು ತನ್ನದನ್ನು ಕೊಡುವೆನೆಂದಿದ್ದನು. ಹಣದ ಲೆಕ್ಕವು ಕೂಡಿಬರುತ್ತಿದ್ದದ್ದು ಅದೇ ಕಾರಣದಿಂದ. ಆ ಕಾರ್ಡನ್ನು ಅಳೆದರೆ 304 ಮಿಲಿಮೀಟರ್ ಆಯಿತು. 295ರ ಗೂಡಿನಲ್ಲಿ ಅದು 9 ಮಿಲಿಮೀಟರ್ ಹೊರಗೆ ನಿಂತಿತು. ಹುಡುಗಿಯು ಬಹಳ ಹೊತ್ತು ಮಾತಾಡಲಿಲ್ಲ. ಪೆಟ್ಟಿಗೆಯನ್ನು ಮೊದಲೇ ತರಿಸಿದ್ದರೆ ಏನಾಗುತ್ತಿತ್ತೆಂದು ತಂದೆಯವರೂ ಬಾಯಿಬಿಟ್ಟು ಹೇಳಲಿಲ್ಲ. ಅದಕ್ಕಾಗಿ ನಾವು ಅವರನ್ನು ಗೌರವಿಸುತ್ತೇವೆ.

ಆಮೇಲೆ ಸ್ವಲ್ಪ ದೊಡ್ಡವುಗಳನ್ನು ಹುಡುಕಿದೆವು. 2022ರಲ್ಲಿ ಬಂದ ಲಿಯಾನ್ ಲಿ ಎ4-ಎಚ್2ಓ ಎಂಬದು ಸುಮಾರು 11 ಲೀಟರಿನದು. 322 ಮಿಲಿಮೀಟರ್ ಉದ್ದದ ಕಾರ್ಡನ್ನೂ 55 ಮಿಲಿಮೀಟರ್ ಎತ್ತರದ ಶೀತಕವನ್ನೂ ಒಳಗೊಳ್ಳುತ್ತದೆ. ಅದರ ಹೊರಮೈ ಅಲ್ಯುಮಿನಿಯಮ್, ಒಳಗಣ ಎಲುಬುಗೂಡು ಉಕ್ಕು. ನೀರಿನಿಂದ ತಂಪುಮಾಡುವ ಉಪಕರಣಕ್ಕಾಗಿ ಮೇಲ್ಭಾಗದಲ್ಲಿ ಬಿಟ್ಟಿರುವ ಸ್ಥಳದಲ್ಲಿ 120 ಮಿಲಿಮೀಟರಿನ ಎರಡು ಬೀಸಣಿಗೆಗಳನ್ನು ಇರಿಸಬಹುದು. ಹಾಸ್ಟೆಲಿನಲ್ಲಿ ನೀರಿನ ಪಂಪು ಕೆಟ್ಟರೆ ನೋಡುವವರಿಲ್ಲದ ಕಾರಣ ನಾವು ಗಾಳಿಯನ್ನೇ ಆರಿಸಿದೆವು.

ಎಲುಬುಗೂಡು ಉಕ್ಕಿನದಾಗಿರುವದು ಕೊರತೆಯೆಂದು ಕೆಲವರು ಭಾವಿಸುವರು. ನಮಗೆ ಅದು ಗುಣವಾಗಿಯೇ ತೋರುತ್ತದೆ, ಯಾಕಂದರೆ ಅಲ್ಯುಮಿನಿಯಮ್ ಮೆತ್ತಗಿನ ಲೋಹ. ಅದರಲ್ಲಿ ಕೊರೆದ ತಿರುಪಿನ ಸುರುಳಿಯು ಉಕ್ಕಿನ ತಿರುಪು ಓರೆಯಾಗಿ ಹೊಕ್ಕರೆ ಒಂದೇ ಸಾರಿಗೆ ಸವೆದುಹೋಗುವದು. ಹಿಂದೊಮ್ಮೆ ನಾವೇ ಅವಸರದಿಂದ ಹಾಗೆ ಒಂದು ತೂತನ್ನು ಹಾಳುಮಾಡಿದ್ದುಂಟು. ತಿರುಪನ್ನು ಮೊದಲು ಬೆರಳಿನಿಂದಲೇ ಹಿಂದಕ್ಕೆ ತಿರುಗಿಸಿ, ಸುರುಳಿಯಲ್ಲಿ ಅದು ಬಿದ್ದ ಸದ್ದು ಕೇಳಿದ ಮೇಲೆ ಮುಂದಕ್ಕೆ ತಿರುಗಿಸತಕ್ಕದ್ದು. ಬೆನ್ನಿಗೆ ಬೆನ್ನಿನ ಜೋಡಣೆಯಲ್ಲಿ ಬರುವ ಚಪ್ಪಟೆ ತಂತಿಯನ್ನೂ ವಿಚಾರಿಸಬೇಕು. 2019ರಿಂದ ಮನೆಯ ಯಂತ್ರಗಳಿಗೆ ಪಿಸಿಐ ಎಕ್ಸ್‌ಪ್ರೆಸ್ 4.0 ಎಂಬ ಹೆಚ್ಚು ವೇಗದ ದಾರಿ ಬಂದಿದೆ; 3.0ಕ್ಕಾಗಿ ಮಾಡಿದ ಹಳೆಯ ತಂತಿಯ ಮೂಲಕ ಆ ವೇಗವನ್ನು ನಡಿಸಿದರೆ ಪರದೆಯು ಕಪ್ಪಾಗಿಯೇ ಉಳಿಯಬಹುದು. ಕೈಬದಲಾದ ಹಳೆಯ ಪೆಟ್ಟಿಗೆಯನ್ನು ಕೊಳ್ಳುವವರು ಇದನ್ನು ಕೇಳಿಯೇ ತೀರಬೇಕು. ತಾಯಿಹಲಗೆಯ ಆರಂಭದ ಏರ್ಪಾಡಿನಲ್ಲಿ ವೇಗವನ್ನು 3.0ಕ್ಕೆ ಇಳಿಸಿದರೆ ಬಹುಮಟ್ಟಿಗೆ ಸರಿಹೋಗುತ್ತದೆ.

ಇನ್ನೊಂದು ಮಾತನ್ನು ತಾಯಿತಂದೆಗಳಿಗೆ ವಿಶೇಷವಾಗಿ ಹೇಳಬೇಕಾಗಿದೆ. ಅಲ್ಯುಮಿನಿಯಮಿಗೆ ಬಣ್ಣದ ಹೊಳಪು ಕೊಡುವ ಆನೋಡೈಸಿಂಗ್ ಎಂಬ ಕ್ರಿಯೆಯಿಂದ ಅದರ ಮೇಲೆ ಆಕ್ಸೈಡಿನ ಗಟ್ಟಿ ಪದರವು ಹುಟ್ಟುತ್ತದೆ. ಅದು ವಿದ್ಯುತ್ತನ್ನು ಹರಿಯಗೊಡುವದಿಲ್ಲ. ಆದುದರಿಂದ ಪೆಟ್ಟಿಗೆಯ ಒಂದೊಂದು ತಗಡೂ ಭೂಮಿಗೆ ಕೂಡಿಸಲ್ಪಟ್ಟಿದೆಯೆಂದು ಸುಮ್ಮನೆ ನಂಬಬಾರದು. ತಿರುಪು ಕೂಡುವಲ್ಲಿ ಬರಿಯ ಲೋಹವಿದೆಯೋ ಎಂದು ನೋಡಬೇಕು. ಅದಕ್ಕಿಂತ ಮುಖ್ಯವಾದದ್ದು ಗೋಡೆಯ ಮೂರನೆಯ ತೂತು. ಹಳೆಯ ಮನೆಗಳಲ್ಲಿಯೂ ಹಾಸ್ಟೆಲುಗಳಲ್ಲಿಯೂ ತೂತು ಮಾತ್ರ ಇದ್ದು ಅದರ ಹಿಂದೆ ಭೂಮಿಯ ತಂತಿಯು ಇಲ್ಲದಿರುವದುಂಟು. ಆಗ ಪವರ್ ಸಪ್ಲೈಯ ಶೋಧಕದ ಮೂಲಕ ಲೋಹದ ಮೈಗೆ ಸಣ್ಣ ಸೋರಿಕೆ ಬಂದು, ಮುಟ್ಟಿದ ಬೆರಳು ಜುಮ್ಮೆನ್ನುವದು. ಇದನ್ನು “ಎಲ್ಲಾ ಯಂತ್ರಗಳೂ ಹಾಗೆಯೇ” ಎಂದು ತಳ್ಳಿಬಿಡುವದು ಅಪಾಯಕರ, ಯಾಕಂದರೆ ಮುಂದೆ ಒಳಗೆ ನಿಜವಾದ ದೋಷವುಂಟಾದರೆ ಕಾಯುವದು ಅದೇ ತಂತಿ. ವಿದ್ಯುತ್ ಕೆಲಸಗಾರನಿಂದ ಪರೀಕ್ಷೆ ಮಾಡಿಸುವದಕ್ಕೆ ತಗಲುವ ಹಣವನ್ನು ಯಂತ್ರದ ಬೆಲೆಯಲ್ಲಿಯೇ ಸೇರಿಸಿಕೊಳ್ಳತಕ್ಕದ್ದು.

ಬರಿಯ ಪತ್ರ ಬರೆಯುವದಕ್ಕೂ ಲೆಕ್ಕ ಇಡುವದಕ್ಕೂ ಯಂತ್ರ ಬೇಕಾದವರು ಈ ತೊಡಕಿಗೆ ಬೀಳಬೇಕಾಗಿಲ್ಲ. ಅಂಗೈಯಗಲದ ಸಿದ್ಧ ಯಂತ್ರಗಳು ಸಿಕ್ಕುತ್ತವೆ. ಆದರೆ ಈ ಹುಡುಗಿಗೆ ದೊಡ್ಡ ಕಾರ್ಡು ಬೇಕು, ಸ್ಥಳವೋ ಇಲ್ಲ. ತಂದೆಯವರ ಮನಸ್ಸನ್ನು ತಿರುಗಿಸಿದ್ದು ಲೋಹದ ಗುಣವಲ್ಲ. 2001ರಲ್ಲಿ ಗೊತ್ತಾದ ಆ 170 ಮಿಲಿಮೀಟರಿನ ಚೌಕವು ಇಂದಿಗೂ ಹಾಗೆಯೇ ಉಳಿದಿದೆ, ಪ್ರೊಸೆಸರುಗಳು ಎಷ್ಟು ಸಾರಿ ಬದಲಾದರೂ ಪೆಟ್ಟಿಗೆಯನ್ನು ಬದಲಾಯಿಸಬೇಕಾಗಿಲ್ಲ ಎಂದು ಕೇಳಿದ ಮೇಲೆ ಅವರು, “ಹಾಗಾದರೆ ಇದು ಡಬ್ಬಿಯಲ್ಲ, ಟ್ರಂಕು” ಎಂದರು. ಸ್ಮರಣೆಯ ವಿಷಯದಲ್ಲಿ ಒಂದು ಉಪಾಯ ಮಾಡಿದೆವು. ಕಿರಿಯ ಹಲಗೆಯಲ್ಲಿ ಸ್ಮರಣೆಯ ಪಟ್ಟಿಗಳಿಗೆ ಎರಡೇ ಕುಳಿಗಳಿರುವದರಿಂದ, 16 ಗಿಗಾಬೈಟಿನ ಒಂದೇ ಪಟ್ಟಿಯನ್ನು ಹಾಕಿ ಮತ್ತೊಂದನ್ನು ಖಾಲಿ ಬಿಟ್ಟೆವು. ಯಂತ್ರದ ವೇಗವು ಕೊಂಚ ಕಡಿಮೆಯಾದರೂ, ಎರಡು 8ರ ಪಟ್ಟಿಗಳನ್ನು ಹಾಕಿ ಆಮೇಲೆ ಎರಡನ್ನೂ ಕಿತ್ತುಹಾಕುವದಕ್ಕಿಂತ ಇದು ಮೇಲು.

ಜೋಡಣೆಗೆ ಎರಡು ದಿನ ಹಿಡಿಯಿತು. ತಂತಿಗಳನ್ನು ಮಡಿಸಿ ಕೂರಿಸುವದರಲ್ಲಿಯೇ ಒಂದು ದಿನ ಹೋಯಿತು. ತಾಯಿಯವರು ಸೀರೆಯ ನೆರಿಗೆ ಹಿಡಿಯುವ ಹಾಗೆ ಅವುಗಳನ್ನು ಹಿಡಿದುಕೊಟ್ಟರು. ಹುಡುಗಿಯು ಈಗ ರಜೆಗೆ ಬರುವಾಗ ಗ್ರಾಫಿಕ್ಸ್ ಕಾರ್ಡನ್ನು ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ ಬೇರೆಯಾಗಿ ತರುತ್ತಾಳೆ, ಯಾಕಂದರೆ ಬಸ್ಸಿನ ಕುಲುಕಾಟದಲ್ಲಿ ಅದರ ಭಾರವು ತನ್ನ ಕುಳಿಯನ್ನೇ ಮುರಿಯಬಹುದು. ಪೆಟ್ಟಿಗೆಯನ್ನು ಮಾತ್ರ ತೊಡೆಯ ಮೇಲೆ ಇಟ್ಟುಕೊಳ್ಳುತ್ತಾಳೆ. ಎರಡನೆಯ ಪಟ್ಟಿಯ ಕುಳಿಯು ಇನ್ನೂ ಖಾಲಿ ಇದೆ.