ಏರಿಳಿಯುವ ಐಡ್ಲಿಂಗ್: ಮೊದಲು ಕೂಲೆಂಟ್ ನೋಡಿ
ನಿಮ್ಮ 2002ರ ಹೋಂಡಾ ಸಿಟಿ ವಿಟೆಕ್ ಸಿಗ್ನಲ್‌ನಲ್ಲಿ ನಿಂತಾಗ 1,000ದಿಂದ 2,000 ಆರ್‌ಪಿಎಂವರೆಗೆ ಏರಿ ಇಳಿಯುತ್ತದೆ, ಇಂಜೆಕ್ಟರ್ ಬದಲಿಸಲು ಗ್ಯಾರೇಜಿನವರು ಹೇಳಿದ್ದಾರೆ ಎಂದು ಬರೆದಿದ್ದೀರಿ. ದಯವಿಟ್ಟು ಸದ್ಯಕ್ಕೆ ಆ ಖರ್ಚಿಗೆ ಕೈಹಾಕಬೇಡಿ.

ಹೀಗೆ ಉಯ್ಯಾಲೆಯಾಡುವ ಎಂಜಿನ್ನಿನೊಳಗೆ ಹೆಚ್ಚಾಗಿ ಬೇಡದ ಗಾಳಿ ನುಗ್ಗುತ್ತಿರುತ್ತದೆ. ಆಕ್ಸಿಲರೇಟರ್ ತುಳಿಯದೆಯೂ ವೇಗ ಏರಿದ್ದನ್ನು ಕಂಡು ಎಂಜಿನ್ನಿನ ಕಂಪ್ಯೂಟರ್ (ಇಸಿಯು) ಪೆಟ್ರೋಲ್ ನಿಲ್ಲಿಸುತ್ತದೆ; ಆರ್‌ಪಿಎಂ ಬಿದ್ದೊಡನೆ ಮತ್ತೆ ಬಿಡುತ್ತದೆ. ನಿಮಗೆ ಕೇಳುವ ‘ವೂಂ, ವೂಂ’ ಸದ್ದು ಅದೇ.

ಬೆಳಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ನೋಡಿ. ಪಕ್ಕದ ಡಬ್ಬಿ ತುಂಬಿದೆ ಎಂದು ನಂಬಿ ಕೂರಬೇಡಿ. ಆ ಕಾಲದ ಹೋಂಡಾಗಳಲ್ಲಿ ಐಡ್ಲಿಂಗ್ ವೇಳೆ ಗಾಳಿ ಬಿಡುವ ಐಡಲ್ ವಾಲ್ವ್‌ಗೂ ಕೂಲೆಂಟ್ ಹರಿಯುತ್ತದೆ. ಕೂಲೆಂಟ್ ಕಡಿಮೆಯಾದರೆ, ಅಥವಾ ಅದರೊಳಗೆ ಗಾಳಿ ಸೇರಿದರೆ ಐಡ್ಲಿಂಗ್ ಕೆಡುವುದು ಮಾಮೂಲು. ಕಡಿಮೆಯಿದ್ದರೆ ತುಂಬಿಸಿ, ಗಾಳಿ ತೆಗೆಸಿ, ಸೋರಿಕೆಯನ್ನೂ ಹುಡುಕಿಸಿ.

ಅದು ಸರಿಯಿದ್ದರೆ, ಎಂಜಿನ್ ಬಿಸಿಯಾದ ಮೇಲೆ ಏರ್ ಫಿಲ್ಟರ್‌ನಿಂದ ಬರುವ ಪೈಪ್ ಕಳಚಿಸಿ. ಥ್ರಾಟಲ್ ಬಾಡಿಯ ಬಾಯಲ್ಲಿ, ತಟ್ಟೆಗಿಂತ ಮುಂಚೆ, ಐಡಲ್ ವಾಲ್ವ್‌ಗೆ ಗಾಳಿ ಹೋಗುವ ಸಣ್ಣ ತೂತು ಕಾಣುತ್ತದೆ. ಎಂಜಿನ್ ಓಡುತ್ತಿರುವಾಗಲೇ ಅದನ್ನು ಬೆರಳಿನಿಂದ ಮುಚ್ಚಿ. ಆರ್‌ಪಿಎಂ ಥಟ್ಟನೆ ಇಳಿದರೆ ದೋಷ ಬಹುಪಾಲು ವಾಲ್ವ್‌ನದು. ಬಿಚ್ಚಿಸಿ, ಕಾರ್ಬ್ ಕ್ಲೀನರ್‌ನಿಂದ ಮಸಿ ತೊಳೆಸಿ. ಇಳಿಯದಿದ್ದರೆ ಗಾಳಿ ಬೇರೆ ಕಡೆಯಿಂದ ಬರುತ್ತಿದೆ: ಬ್ರೇಕ್ ಬೂಸ್ಟರ್ ಹೋಸ್, ಪಿಸಿವಿ ಹೋಸ್, ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ನೋಡಿಸಿ. ಇಪ್ಪತ್ತು ವರ್ಷ ದಾಟಿದ ರಬ್ಬರ್ ಮೇಲ್ನೋಟಕ್ಕೆ ಚೆನ್ನಾಗಿದ್ದರೂ ಬಗ್ಗಿಸಿದರೆ ಬಿರುಕು ಬಾಯಿಬಿಡುತ್ತದೆ.

ಇಷ್ಟೂ ಮುಗಿಯುವವರೆಗೆ ಯಾರೇ ಹೇಳಿದರೂ ಐಡಲ್ ಸ್ಕ್ರೂ ತಿರುಗಿಸಲು ಬಿಡಬೇಡಿ.