ಟರ್ಬೊ ಹಾಕಿದ ಮಿಯಾಟಾ, ಸೋತ ಡಿಫರೆನ್ಷಿಯಲ್

ನಿಮ್ಮ ಮೆಕ್ಯಾನಿಕ್ ಹೇಳಿದಂತೆ ಡಿಫರೆನ್ಷಿಯಲ್‌ಗೆ ದಪ್ಪ ಆಯಿಲ್ ಹಾಕಿದರೆ ಗೊರಗೊರ ಸದ್ದು ಸ್ವಲ್ಪ ಅಡಗಬಹುದು, ಗೇರಿನ ಹಲ್ಲು ಗಟ್ಟಿಯಾಗುವುದಿಲ್ಲ. 1991ರ ಮಜ್ದಾ ಮಿಯಾಟಾದ ಹಿಂಬದಿಯಲ್ಲಿರುವುದು 6 ಇಂಚಿನ ರಿಂಗ್ ಗೇರ್. ಮೂಲದ 1.6 ಲೀಟರ್ ಎಂಜಿನ್ನಿಗೆ ಅದು ಸಾಕು, ನೀವು ಹಾಕಿಸಿರುವ ಟರ್ಬೊಗೆ ಸಾಲದು. ಅದೇ ಡಿಫರೆನ್ಷಿಯಲ್ಲಿನೊಳಗೆ ದುಬಾರಿ ಲಿಮಿಟೆಡ್ ಸ್ಲಿಪ್ ಕೂರಿಸಿದರೆ ದುಡ್ಡು ದಂಡ, ರಿಂಗ್ ಗೇರ್ ಹಳೆಯದೇ ತಾನೆ?

1994ರಿಂದ 1.8 ಲೀಟರ್ ಕಾರಿಗೆ ಮಜ್ದಾದವರೇ 7 ಇಂಚಿನದನ್ನು ಕೊಟ್ಟರು. ಗುಜರಿಯಲ್ಲಿ ಅದನ್ನು ಹುಡುಕಿ; ಟಾರ್ಸೆನ್ ಲಿಮಿಟೆಡ್ ಸ್ಲಿಪ್ ಇರುವುದು ಸಿಕ್ಕರೆ ಬಿಡಬೇಡಿ. ಡಿಫರೆನ್ಷಿಯಲ್ ಒಂದನ್ನೇ ತಂದರೆ ಕೂರುವುದಿಲ್ಲ. ಅದರ ಪ್ರೊಪೆಲ್ಲರ್ ಶಾಫ್ಟ್, ಎರಡೂ ಆಕ್ಸಲ್ ಶಾಫ್ಟ್ ಜೊತೆಗೇ ಕೇಳಿ ತನ್ನಿ. ನಿಮ್ಮ ಗೇರ್ ಅನುಪಾತ 4.3, ತಂದದ್ದು 4.1 ಆಗಿದ್ದರೆ ಸ್ಪೀಡೋಮೀಟರ್ ಮೊದಲಿಗಿಂತ ಸುಮಾರು ಶೇ 5ರಷ್ಟು ಕಡಿಮೆ ತೋರಿಸುತ್ತದೆ. (ಪೊಲೀಸರ ಮುಂದೆ ಈ ನೆಪ ನಡೆಯುವುದಿಲ್ಲ.)

ಇನ್ನೊಂದು ಮಾತು, ಬೇಸರ ಬೇಡ. ಅಂಟು ಟೈರ್ ಹಾಕಿ, ಎಂಜಿನ್ ರೇಸ್ ಮಾಡಿ, ಕ್ಲಚ್ ಫಟ್ಟನೆ ಬಿಡುವ ಅಭ್ಯಾಸ ನಿಮ್ಮ ಪತ್ರದಲ್ಲೇ ಕಾಣುತ್ತದೆ. ಹಿಂಚಕ್ರ ಕುಪ್ಪಳಿಸಿದಾಗ ಹಲ್ಲಿಗೆ ಬೀಳುವ ಏಟು ಟರ್ಬೊಗಿಂತ ಮಾರಕ. ಸಸ್ಪೆನ್ಷನ್ನಿನ ಸವೆದ ಬುಷ್‌ಗಳನ್ನು ಇದೇ ಸಲ ಬದಲಿಸಿ. ಎಲ್ಲ ಬಿಚ್ಚಿರುವಾಗಲೇ ಆಯಿಲ್ ಸೀಲ್‌ಗಳನ್ನೂ ಹೊಸದು ಹಾಕಿಸಿಬಿಡಿ.