ಪಾತ್ರೆ ಸೋಪು ಕೊಳ್ಳುವ ಮುನ್ನ: ಹೊಸದಾಗಿ ಮನೆ ಹೂಡಿದವರಿಗೆ ಕಿವಿಮಾತು

ಮಕ್ಕಳೇ, ಹೊಸ ಸಂಸಾರ ಹೂಡುವಾಗ ಸ್ಟೌ, ಕುಕ್ಕರು, ಮಿಕ್ಸಿಗೆಂದು ನಾಲ್ಕು ಅಂಗಡಿ ಸುತ್ತುತ್ತೀರಿ. ಪಾತ್ರೆ ತೊಳೆಯುವ ಸೋಪನ್ನು ಮಾತ್ರ ಪಟ್ಟಿಯ ಕೊನೆಯಲ್ಲಿ ಬರೆದು, ಅಂಗಡಿಯವರು ಕೊಟ್ಟದ್ದನ್ನು ಚೀಲಕ್ಕೆ ಹಾಕಿಕೊಂಡು ಬರುತ್ತೀರಿ. ದಿನಕ್ಕೆ ಮೂರು ಹೊತ್ತು ಕೈಗೆ ತಾಗುವ, ಉಣ್ಣುವ ತಟ್ಟೆಗೆ ಸವರುವ, ಮೋರಿಯಲ್ಲಿ ಹರಿದು ಊರ ಕೆರೆ ಸೇರುವ ವಸ್ತು ಅದು. ಅದರ ಕೆಡುಕು ಮೊದಲು ತಟ್ಟುವುದು ತೊಳೆಯುವವರ ಕೈಗೆ, ಆಮೇಲೆ ಕೆರೆಗೆ. ಚೆನ್ನಾಗಿ ಗಲಬರಿಸಿದ ತಟ್ಟೆಯಲ್ಲಿ ಉಣ್ಣುವವರಿಗೆ ತಟ್ಟುವುದು ತೀರ ಕಡಿಮೆ. ಆದ್ದರಿಂದ ಸೋಪು ಆರಿಸುವಾಗ ಆ ಕೈಯನ್ನೂ ಆ ಕೆರೆಯನ್ನೂ ಮನಸ್ಸಿನಲ್ಲಿಟ್ಟುಕೊಳ್ಳಿ. ಕೊಳ್ಳುವಾಗ ಏನು ನೋಡಬೇಕು, ಬಳಸುವಾಗ ಏನು ಮಾಡಬೇಕು ಎಂಬುದನ್ನು ಒಂದೊಂದಾಗಿ ಹೇಳುತ್ತೇನೆ.

ಕೊಳ್ಳುವಾಗ

• ಸೀಸೆಯ ಮುಂಬದಿಗೆ ಮರುಳಾಗದೆ ಹಿಂಬದಿ ಓದಿ. ಮುಂದೆ ಹೆಚ್ಚಿದ ನಿಂಬೆಹಣ್ಣಿನ ಚಿತ್ರ, ಬೇವಿನ ಎಲೆ, ‘ನ್ಯಾಚುರಲ್’, ‘ಇಕೋ’ ಎಂಬ ಪದಗಳು ಇರುತ್ತವೆ. ಒಳಗಿರುವುದೆಲ್ಲದರ ಪಟ್ಟಿ ಅನೇಕ ಸೀಸೆಗಳ ಹಿಂದೆ ಸಿಗುವುದೇ ಇಲ್ಲ. ಪೂರ್ತಿ ಪಟ್ಟಿ ಕೊಟ್ಟವರ ಸೋಪನ್ನೇ ಆರಿಸಿ. ಪಟ್ಟಿ ಇಲ್ಲದಿದ್ದರೆ ಸೀಸೆಯ ಮೇಲಿರುವ ಗ್ರಾಹಕ ಸೇವೆಯ ನಂಬರಿಗೆ ಫೋನ್ ಮಾಡಿ ಕೇಳಿ. ಪರಿಸರಸ್ನೇಹಿ ಎಂದು ಹೇಳಿಕೊಳ್ಳುವವರು ಅದಕ್ಕೆ ಪುರಾವೆ ಕೊಡಬೇಕು ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2024ರ ಅಕ್ಟೋಬರಿನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಸುಳ್ಳು ಹೇಳಿದ್ದಾರೆ ಅನ್ನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ.

• ಜಿಡ್ಡು ಬಿಡಿಸುವ ಘಟಕ ಯಾವುದೆಂದು ತಿಳಿದುಕೊಳ್ಳಿ. ಸೋಪು ಒರಟೋ ಮೃದುವೋ ಎಂಬುದು ಬಹುಮಟ್ಟಿಗೆ ಅದರ ಮೇಲೆಯೇ ನಿಂತಿದೆ. ಲೀನಿಯರ್ ಆಲ್ಕೈಲ್ ಬೆಂಜೀನ್ ಸಲ್ಫೊನೇಟ್, ಅಂದರೆ ಎಲ್‌ಎಎಸ್, ಪೆಟ್ರೋಲಿಯಂ ಮೂಲದ್ದು. ಅಗ್ಗ, ಜಿಡ್ಡನ್ನು ಬೇಗ ಬಿಡಿಸುತ್ತದೆ. ಚರ್ಮದ ಎಣ್ಣೆಯಂಶವನ್ನೂ ಅಷ್ಟೇ ಬೇಗ ತೆಗೆದುಬಿಡುತ್ತದೆ. ಸೋಡಿಯಂ ಲಾರೈಲ್ ಸಲ್ಫೇಟ್ ಕೂಡ ಚರ್ಮಕ್ಕೆ ಒರಟು. ಸೋಡಿಯಂ ಲಾರೆತ್ ಸಲ್ಫೇಟ್ ಅದಕ್ಕಿಂತ ಮೃದು. ಕೊಕೊ ಗ್ಲುಕೊಸೈಡ್, ಡೆಸೈಲ್ ಗ್ಲುಕೊಸೈಡ್ ಎಂದು ‘ಗ್ಲುಕೊಸೈಡ್’ನಿಂದ ಮುಗಿಯುವ ಹೆಸರುಗಳು ಕಂಡರೆ ಒಳ್ಳೆಯದು: ಸಕ್ಕರೆಯಂಶ ಮತ್ತು ಸಸ್ಯದ ಎಣ್ಣೆಯಿಂದ ಮಾಡಿದ ಇವು ಕೈಗೆ ಹಿತ, ನೀರಿನಲ್ಲಿ ಬೇಗ ಕೊಳೆತು ಹೋಗುತ್ತವೆ. ‘ತೆಂಗಿನೆಣ್ಣೆಯಿಂದ ಮಾಡಿದ್ದು’ ಎಂಬ ಮಾತೊಂದನ್ನೇ ನಂಬಬೇಡಿ. ಒರಟಾದ ಲಾರೈಲ್ ಸಲ್ಫೇಟನ್ನೂ ತೆಂಗಿನೆಣ್ಣೆಯಿಂದ ಮಾಡುತ್ತಾರೆ.

• ಲಾರೆತ್ ಸಲ್ಫೇಟ್ ಇರುವ ಸೋಪಾದರೆ ಒಂದು ಪ್ರಶ್ನೆ ಹೆಚ್ಚಿಗೆ ಕೇಳಿ. ಅದನ್ನು ಎಥಿಲೀನ್ ಆಕ್ಸೈಡ್ ಬಳಸಿ ತಯಾರಿಸುವಾಗ 1,4-ಡಯಾಕ್ಸೇನ್ ಎಂಬ ಉಪವಸ್ತು ತಾನಾಗಿ ಹುಟ್ಟುತ್ತದೆ. ಯಾರೂ ಬೇಕೆಂದು ಸೇರಿಸಿದ್ದಲ್ಲವಾದ್ದರಿಂದ ಪಟ್ಟಿಯಲ್ಲಿ ಅದರ ಹೆಸರು ಇರುವುದಿಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ಮನುಷ್ಯರಿಗೆ ಕ್ಯಾನ್ಸರ್ ತರಬಹುದಾದ 2ಬಿ ಗುಂಪಿನಲ್ಲಿ ಇಟ್ಟಿದೆ. ಅಮೆರಿಕದ ನ್ಯೂಯಾರ್ಕ್ ರಾಜ್ಯವು ಮನೆ ಶುಚಿಗೊಳಿಸುವ ವಸ್ತುಗಳಲ್ಲಿ ಇದು ಹತ್ತು ಲಕ್ಷಕ್ಕೆ 1 ಪಾಲು ಮೀರಬಾರದು ಎಂದು 2023ರ ಕೊನೆಯಿಂದ ಮಿತಿ ಹಾಕಿದೆ. ಸೋಪಿನಲ್ಲಿರುವುದು ಅಲ್ಪ ಪ್ರಮಾಣವೇ, ಗಾಬರಿ ಬೇಡ. ಆದರೆ ತಯಾರಕರು ಮನಸ್ಸು ಮಾಡಿದರೆ ಇದನ್ನು ಬಹಳಷ್ಟು ತೆಗೆಯಬಹುದು. ತೆಗೆದಿದ್ದೀರಾ ಎಂದು ಕೇಳುವುದು ನಮ್ಮ ಹಕ್ಕು.

• ನೊನೈಲ್ ಫಿನಾಲ್ ಎಥಾಕ್ಸಿಲೇಟ್ ಎಂಬ ಹೆಸರು ಕಂಡರೆ ಆ ಸೀಸೆಯನ್ನು ಅಲ್ಲೇ ಇಟ್ಟುಬಿಡಿ. ನೀರಿನಲ್ಲಿ ಒಡೆದು ಇದು ನೊನೈಲ್ ಫಿನಾಲ್ ಆಗುತ್ತದೆ. ಹೆಣ್ಣು ಹಾರ್ಮೋನು ಈಸ್ಟ್ರೊಜೆನ್‌ನಂತೆ ವರ್ತಿಸಿ ಮೀನುಗಳ ಸಂತಾನಕ್ಕೇ ತೊಂದರೆ ಕೊಡುತ್ತದೆ. ಯುರೋಪ್ ಒಕ್ಕೂಟ ಶುಚಿಗೊಳಿಸುವ ವಸ್ತುಗಳಲ್ಲಿ ಇದರ ಬಳಕೆಗೆ 2003ರಲ್ಲೇ ಕಾನೂನಿನ ಕಡಿವಾಣ ಹಾಕಿತು.

• ಬಾರ್ ಸೋಪಿಗೂ ಪುಡಿಗೂ ಅರಿಶಿನದ ಪರೀಕ್ಷೆ ಮಾಡಿ. ನಮ್ಮ ಚರ್ಮ ಸ್ವಲ್ಪ ಹುಳಿ ಗುಣದ್ದು, ಅದರ ಪಿಎಚ್ (ಹುಳಿ-ಕ್ಷಾರದ ಅಳತೆ) ಸುಮಾರು 5. ಬಾರ್‌ಗೂ ಪುಡಿಗೂ ಸಾಮಾನ್ಯವಾಗಿ ವಾಷಿಂಗ್ ಸೋಡಾ ಬೆರೆಸಿರುತ್ತಾರೆ. ಅದರ ಕ್ಷಾರಕ್ಕೆ ಕೈ ಒಣಗಿ ಬಿರಿಯುತ್ತದೆ. ಚಿಟಿಕೆ ಅರಿಶಿನವನ್ನು ನೀರಿನಲ್ಲಿ ಕಲಸಿ ಬಿಳಿ ಕಾಗದಕ್ಕೆ ಬಳಿದು ಒಣಗಿಸಿ, ಅದರ ಮೇಲೆ ಸೋಪಿನ ನೀರು ಒಂದು ಹನಿ ಬಿಡಿ. ಹಳದಿ ಹಾಗೇ ಉಳಿದರೆ ಕ್ಷಾರದ ಭಯವಿಲ್ಲ. ಕೆಂಪಗೆ ತಿರುಗಿದರೆ ಕ್ಷಾರ ಹೆಚ್ಚು ಎಂದು ಅರ್ಥ. ಆರತಿಗೆ ಅರಿಶಿನದ ನೀರಿಗೆ ಸುಣ್ಣ ಹಾಕಿದಾಗ ಓಕುಳಿ ಕೆಂಪಾಗುವುದೂ ಇದೇ ಕಾರಣಕ್ಕೆ. ಒಂದೇ ಬೆಲೆಯ ಎರಡು ಸೋಪುಗಳಲ್ಲಿ ಕಡಿಮೆ ಕೆಂಪಾದದ್ದನ್ನು ಇಟ್ಟುಕೊಳ್ಳಿ.

• ಘಮ, ಬಣ್ಣ ಕಡಿಮೆ ಇದ್ದಷ್ಟೂ ಒಳ್ಳೆಯದು. ‘ಪರ್ಫ್ಯೂಮ್’ ಎಂಬ ಒಂದೇ ಪದದ ಹಿಂದೆ ಹತ್ತಾರು ರಾಸಾಯನಿಕಗಳು ಅಡಗಿರಬಹುದು. ಪಾತ್ರೆ ಬೆಳಗುವುದಕ್ಕೆ ಅವು ಏನೇನೂ ಸಹಾಯ ಮಾಡುವುದಿಲ್ಲ. ಲಿಕ್ವಿಡ್ ಕೆಡದಿರಲೆಂದು ಹಾಕುವ ಮೀಥೈಲ್ ಐಸೊಥಯಾಜೊಲಿನೋನ್ ಎಂಬ ಸಂರಕ್ಷಕ ಅನೇಕರ ಕೈಯಲ್ಲಿ ತುರಿ, ಗುಳ್ಳೆ ಎಬ್ಬಿಸುತ್ತದೆ. ಅಮೆರಿಕದ ಚರ್ಮವೈದ್ಯರ ಸಂಘವೊಂದು 2013ರಲ್ಲಿ ಇದನ್ನು ಆ ವರ್ಷದ ಅಲರ್ಜಿಕಾರಕ ಎಂದೇ ಹೆಸರಿಸಿತ್ತು. ಮನೆಯಲ್ಲಿ ಯಾರಿಗಾದರೂ ಇಸುಬು ಇದ್ದರೆ ಈ ಹೆಸರನ್ನು ಹುಡುಕಿ ನೋಡಿ, ಘಮವಿಲ್ಲದ ಸೋಪನ್ನೇ ತನ್ನಿ.

• ‘ಆ್ಯಂಟಿ ಬ್ಯಾಕ್ಟೀರಿಯಲ್’ ಎಂಬುದಕ್ಕೆ ಹೆಚ್ಚು ಹಣ ಕೊಡಬೇಡಿ. ಜಿಡ್ಡಿನ ಜೊತೆ ರೋಗಾಣುಗಳೂ ನೀರಿನಲ್ಲಿ ಕೊಚ್ಚಿ ಹೋಗುತ್ತವೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2016ರಲ್ಲಿ ಕೈ-ಮೈ ತೊಳೆಯುವ ಸಾಬೂನುಗಳಿಂದ ರೋಗಾಣು ಕೊಲ್ಲಲೆಂದು ಹಾಕುತ್ತಿದ್ದ ಟ್ರೈಕ್ಲೋಸಾನ್ ಸೇರಿ 19 ಘಟಕಗಳನ್ನು ಹೊರಗಿಟ್ಟಿತು. ಬರಿಯ ಸೋಪು ನೀರಿಗಿಂತ ಅವು ಮೇಲು ಎಂದು ತಯಾರಕರು ತೋರಿಸಿಕೊಡಲಿಲ್ಲ.

• ನೊರೆಯನ್ನೂ ದಪ್ಪವನ್ನೂ ನೋಡಿ ಬೆಲೆ ಕಟ್ಟಬೇಡಿ. ಲಿಕ್ವಿಡ್ ಗಟ್ಟಿಯಾಗಿ ಕಾಣಲು ಎಷ್ಟೋ ಸಲ ಉಪ್ಪು ಹಾಕಿರುತ್ತಾರೆ. ಗ್ಲುಕೊಸೈಡ್ ಸೋಪು ನೊರೆ ಕಡಿಮೆ ಕೊಟ್ಟರೂ ಜಿಡ್ಡು ಬಿಡಿಸುತ್ತದೆ. ನೊರೆ ಕಡಿಮೆಯಾದರೆ ಗಲಬರಿಸುವ ನೀರೂ ಉಳಿಯುತ್ತದೆ.

• ಹೆಸರು, ವಿಳಾಸವಿಲ್ಲದ ಸೋಪ್ ಆಯಿಲ್ ಕೊಳ್ಳಬೇಡಿ. ಅಗ್ಗದ ಸೋಪ್ ಆಯಿಲನ್ನು ಆಸಿಡ್ ಸ್ಲರಿ ಎಂಬ ಆಮ್ಲಕ್ಕೆ ಕಾಸ್ಟಿಕ್ ಸೋಡಾ ಬೆರೆಸಿ ಮಾಡುತ್ತಾರೆ. ಅಳತೆ ಸರಿಯಿದ್ದರೆ ಎರಡೂ ಒಂದನ್ನೊಂದು ತಣಿಸುತ್ತವೆ. ತಪ್ಪಿದರೆ ಆಮ್ಲವೋ ಕ್ಷಾರವೋ ಉಳಿದು ಕೈ ಉರಿಯುತ್ತದೆ. ಮಹಿಳಾ ಸಂಘದವರು ಮಾಡಿದ್ದನ್ನು ಕೊಳ್ಳುವ ಆಸೆ ಇದ್ದರೆ ಧಾರಾಳವಾಗಿ ಕೊಳ್ಳಿ. ಪಿಎಚ್ ನೋಡಿ ಸೀಸೆಗೆ ತುಂಬುತ್ತೀರಾ ಎಂದು ಮಾತ್ರ ಕೇಳಿ.

• ‘ಬಯೋಡಿಗ್ರೇಡಬಲ್’ ಎಂಬ ಮಾತನ್ನು ಅಳೆದು ನೋಡಿ. ಎಲ್‌ಎಎಸ್ ಕೂಡ ಕೊಳೆಯುತ್ತದೆ, ಆದರೆ ಅದಕ್ಕೆ ನೀರಿನಲ್ಲಿ ಆಮ್ಲಜನಕ ಬೇಕು. ಕೊಳಚೆ ತುಂಬಿದ ಕೆರೆಯಲ್ಲಿ ಆಮ್ಲಜನಕ ತೀರ ಕಡಿಮೆ ಇರುತ್ತದೆ. 2015ರಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿ ಬಂದದ್ದನ್ನು, 2017ರ ಫೆಬ್ರವರಿಯಲ್ಲಿ ಅದೇ ಕೆರೆಯಲ್ಲಿ ಬೆಂಕಿ ಎದ್ದದ್ದನ್ನು ನಾಡೆಲ್ಲ ಕಂಡಿದೆ. ಶುದ್ಧೀಕರಿಸದೆ ಬಿಟ್ಟ ಚರಂಡಿ ನೀರಿನಲ್ಲಿದ್ದ ಡಿಟರ್ಜೆಂಟು ಕೋಡಿಯಲ್ಲಿ ಧುಮುಕಿ ಕಡೆದು ನೊರೆಯಾಗಿತ್ತು. ಆ ನೀರು ವರ್ತೂರು ಕೆರೆ ದಾಟಿ ದಕ್ಷಿಣ ಪಿನಾಕಿನಿ ನದಿ ಸೇರಿ ತಮಿಳುನಾಡಿನ ಹೊಲಗಳವರೆಗೆ ಹೋಗುತ್ತದೆ. ಇನ್ನು ಫಾಸ್ಫೇಟ್ ಇದ್ದರೆ ಅದು ನೀರಿನಲ್ಲಿ ಪಾಚಿಗೂ ಕಳೆಗೂ ಗೊಬ್ಬರ. ಪಾತ್ರೆ ತೊಳೆಯುವ ಯಂತ್ರ ಇಟ್ಟುಕೊಂಡವರು ಫಾಸ್ಫೇಟ್ ಇಲ್ಲದ ಪುಡಿಯನ್ನೇ ಕೇಳಿ ತನ್ನಿ. ಯುರೋಪಿನಲ್ಲಿ ಆ ಪುಡಿಯ ಫಾಸ್ಫೇಟಿಗೆ 2017ರಿಂದ ಕಟ್ಟುನಿಟ್ಟಿನ ಮಿತಿಯಿದೆ.

• ನಂಬಬಹುದಾದ ಗುರುತು ಹುಡುಕಿ. ನಮ್ಮ ಸರ್ಕಾರದ ‘ಇಕೋಮಾರ್ಕ್’ 1991ರಿಂದ ಇದೆ. ಮಣ್ಣಿನ ಮಡಿಕೆ ಅದರ ಚಿಹ್ನೆ. 2024ರಲ್ಲಿ ಅದಕ್ಕೆ ಹೊಸ ನಿಯಮಗಳು ಬಂದಿವೆ. ಅಂಗಡಿಯಲ್ಲಿ ಈ ಗುರುತು ಇನ್ನೂ ಅಪರೂಪ. ನಾವು ಕೇಳುತ್ತಾ ಹೋದರೆ ತಯಾರಕರು ಅದನ್ನು ಪಡೆಯಲು ಮುಂದಾಗುತ್ತಾರೆ. ಅಮೆರಿಕದಲ್ಲಿರುವ ಮಕ್ಕಳು ಅಲ್ಲಿನ ಪರಿಸರ ಇಲಾಖೆಯ ‘ಸೇಫರ್ ಚಾಯ್ಸ್’ ಗುರುತು ನೋಡಿ ಕೊಳ್ಳಬಹುದು.

ಬಳಸುವಾಗ

• ಎಲ್ಲಕ್ಕಿಂತ ಸುರಕ್ಷಿತವಾದದ್ದು ಕಡಿಮೆ ಸೋಪು. ಮುಸುರೆಯನ್ನು ಮೊದಲು ಬಳಿದು ತೆಗೆಯಿರಿ. ಎಣ್ಣೆ ಬಾಣಲಿಯನ್ನು ಹಳೆಯ ಕಾಗದದಿಂದಲೋ ಸ್ವಲ್ಪ ಕಡಲೆಹಿಟ್ಟಿನಿಂದಲೋ ಒರೆಸಿ. ತಳ ಹಿಡಿದ ಪಾತ್ರೆಯನ್ನು ಬಿಸಿ ನೀರಿನಲ್ಲಿ ಅರ್ಧ ಗಂಟೆ ನೆನೆಹಾಕಿ. ಇಷ್ಟು ಮಾಡಿದರೆ ಸೋಪಿಗೆ ಉಳಿಯುವ ಕೆಲಸ ಸ್ವಲ್ಪವೇ. ಲಿಕ್ವಿಡನ್ನು ನಾರಿನ ಮೇಲೆ ನೇರ ಸುರಿಯಬೇಡಿ. ಒಂದು ಚಮಚವನ್ನು ಬಟ್ಟಲು ನೀರಿಗೆ ಬೆರೆಸಿ ಅದ್ದಿಕೊಳ್ಳಿ. ಬೆರೆಸಿದ್ದನ್ನು ಅಂದಂದೇ ಮುಗಿಸಿ. ನೀರು ಸೇರಿದಾಗ ಅದರಲ್ಲಿರುವ ಸಂರಕ್ಷಕದ ಬಲವೂ ಕುಗ್ಗಿ, ದಿನಗಟ್ಟಲೆ ಇಟ್ಟರೆ ರೋಗಾಣುಗಳು ಬೆಳೆಯುತ್ತವೆ.

• ಅಂಟುವಾಳ ಒಳ್ಳೆಯದೇ, ಅದರ ಮಿತಿಯೂ ಗೊತ್ತಿರಲಿ. ಹತ್ತು ಹನ್ನೆರಡು ಕಾಯಿ ರಾತ್ರಿ ನೆನೆಹಾಕಿ, ಬೀಜ ತೆಗೆದು, ಒಂದು ಲೀಟರ್ ನೀರಿನಲ್ಲಿ ಇಪ್ಪತ್ತು ನಿಮಿಷ ಕುದಿಸಿ ಸೋಸಿ. ಲೋಟ, ತಟ್ಟೆ, ಅನ್ನದ ಪಾತ್ರೆಗೆ ಇದು ಸಾಕು. ಕರಿದ ಎಣ್ಣೆಯ ಜಿಡ್ಡಿಗೆ ಸಾಲದು. ಫ್ರಿಜ್ಜಿನಲ್ಲಿಟ್ಟು ವಾರದೊಳಗೆ ಬಳಸಿ, ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಿ. ಇದರ ಸಪೋನಿನ್ ಮೀನಿಗೆ ವಿಷ. ಗಿಡದಿಂದ ಬಂದದ್ದೆಂದು ಹಳ್ಳಕ್ಕೆ ನೇರ ಚೆಲ್ಲಬಾರದು. ಒಂದು ಪಾಲು ಬೆಲ್ಲ, ಮೂರು ಪಾಲು ನಿಂಬೆ-ಕಿತ್ತಳೆ ಸಿಪ್ಪೆ, ಹತ್ತು ಪಾಲು ನೀರು ಸೇರಿಸಿ 3 ತಿಂಗಳು ಹುದುಗಿಸುವ ಬಯೋಎಂಜೈಮನ್ನು ಅಂಟುವಾಳದ ನೀರಿಗೆ ಬೆರೆಸಿಕೊಳ್ಳಬಹುದು. ಹುದುಗುವಾಗ ಅನಿಲ ತುಂಬಿ ಸೀಸೆ ಒಡೆಯದಂತೆ ಮುಚ್ಚಳ ಸಡಿಲಿಸುತ್ತಿರಿ. ಒಲೆಯ ಬೂದಿಯೂ ಕ್ಷಾರವೇ, ಅದು ಬರಿಗೈಗೆ ಹಿತವಲ್ಲ. ಪ್ಲಾಸ್ಟಿಕ್ ಸುಟ್ಟ ಬೂದಿಯನ್ನಂತೂ ಪಾತ್ರೆಗೆ ಮುಟ್ಟಿಸಬೇಡಿ.

• ಅಂಗಡಿಯಿಂದ ತಂದ ಕ್ಲೀನರುಗಳನ್ನು ಒಂದಕ್ಕೊಂದು ಬೆರೆಸಬೇಡಿ. ಬ್ಲೀಚಿಗೆ ಟಾಯ್ಲೆಟ್ ಕ್ಲೀನರ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಅಡುಗೆಮನೆಯಂಥ ಚಿಕ್ಕ ಕೋಣೆಯಲ್ಲಿ ಅದು ಉಸಿರಿಗೇ ಅಪಾಯ. ವಿನೆಗರ್ ಮತ್ತು ಅಡುಗೆ ಸೋಡಾ ಬೆರೆಸಿದರೆ ಅಪಾಯವೇನಿಲ್ಲ, ಆದರೆ ಒಂದರ ಬಲವನ್ನು ಇನ್ನೊಂದು ಕಳೆಯುತ್ತದೆ. ಬೇರೆ ಬೇರೆಯಾಗಿ ಬಳಸಿ.

• ಪಾತ್ರೆಗೆ ತಕ್ಕಂತೆ ತೊಳೆಯಿರಿ. ಮಣ್ಣಿನ ಮಡಿಕೆಯ ಸಣ್ಣ ರಂಧ್ರಗಳು ಸೋಪನ್ನು ಹೀರಿಕೊಂಡು ಮುಂದಿನ ಅಡುಗೆಗೆ ಬಿಡಬಹುದು. ಅದಕ್ಕೂ ಬಳಪದ ಕಲ್ಲಿನ ಪಾತ್ರೆಗೂ ಬಿಸಿ ನೀರು, ತೆಂಗಿನ ನಾರು, ಕಡಲೆಹಿಟ್ಟು ಸಾಕು. ಪಳಗಿದ ಕಬ್ಬಿಣದ ಕಾವಲಿಯ ಎಣ್ಣೆಪದರವನ್ನು ಕ್ಷಾರದ ಬಾರ್ ಕಿತ್ತುಹಾಕುತ್ತದೆ. ಅಲ್ಯೂಮಿನಿಯಂ ಪಾತ್ರೆ ಸೋಡಾಕ್ಕೆ ಕಪ್ಪಾಗುತ್ತದೆ. ಹಿತ್ತಾಳೆ, ತಾಮ್ರಕ್ಕೆ ಹುಣಸೆಹಣ್ಣು, ಉಪ್ಪು ಇದ್ದೇ ಇದೆ. ನಾನ್‌ಸ್ಟಿಕ್ಕಿಗೆ ಪುಡಿಯನ್ನೂ ಸ್ಟೀಲ್ ನಾರನ್ನೂ ಮುಟ್ಟಿಸಬೇಡಿ.

• ಕೊನೆಯ ನೀರು ಹರಿಯುವ ನೀರಾಗಿರಲಿ. ಬೋರ್‌ವೆಲ್‌ನ ಗಡಸು ನೀರಿನಲ್ಲಿ ಬಿಳಿ ಕಲೆ ಉಳಿಯುವುದುಂಟು. ಅದರಲ್ಲಿ ಬಹುಪಾಲು ಸುಣ್ಣದಂಶ. ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ, ಇನ್ನಷ್ಟು ಸೋಪು ಹಾಕಬೇಡಿ. ಮಗುವಿನ ಹಾಲಿನ ಬಾಟಲಿಯನ್ನು ಎರಡು ಸಲ ಹೆಚ್ಚಿಗೆ ಗಲಬರಿಸಿ. ಹಣ್ಣು-ತರಕಾರಿಯನ್ನು ಪಾತ್ರೆ ಸೋಪಿನಿಂದ ತೊಳೆಯಲೇಬೇಡಿ. ಸ್ಪಂಜನ್ನು ಹಿಂಡಿ ಒಣಗಲು ಬಿಡಿ. ಒದ್ದೆ ಸ್ಪಂಜು ರೋಗಾಣುಗಳ ತವರು.

• ಮಕ್ಕಳ ಕೈಗೆ ಸಿಗದಂತೆ ಇಡಿ. ಜ್ಯೂಸ್, ಕೋಲಾದ ಬಾಟಲಿಗೆ ಸೋಪು ತುಂಬಿಡುವುದು ಅಪಾಯ. ಮಗು ಕುಡಿದುಬಿಟ್ಟರೆ ವಾಂತಿ ಮಾಡಿಸಲು ಹೋಗಬೇಡಿ, ನೊರೆ ಶ್ವಾಸಕೋಶಕ್ಕೆ ಹೋಗಬಹುದು. ಬಾಯಿ ತೊಳೆಸಿ, ಸೀಸೆಯ ಸಮೇತ ವೈದ್ಯರ ಬಳಿಗೆ ಕರೆದೊಯ್ಯಿರಿ.

• ತೊಳೆಯುವವರನ್ನು ಕೇಳಿ ಕೊಳ್ಳಿ. ಮನೆಗೆಲಸಕ್ಕೆ ಬರುವ ಅಮ್ಮ ನಿಮ್ಮದೊಂದೇ ಅಲ್ಲ, ಇನ್ನೂ ಮೂರ್ನಾಲ್ಕು ಮನೆಯ ಪಾತ್ರೆ ತಿಕ್ಕುತ್ತಾರೆ. ನಿಮಗೆ ಹತ್ತು ನಿಮಿಷ ತಾಗುವ ಸೋಪು ಅವರ ಕೈಗೆ ಗಂಟೆಗಟ್ಟಲೆ ತಾಗುತ್ತದೆ. ಬೆರಳ ಸಂದಿನಲ್ಲಿ ಚರ್ಮ ಬಿರಿದಿದ್ದರೆ, ಉಗುರಿನ ಸುತ್ತ ಊದಿದ್ದರೆ ಸೋಪು ಬದಲಿಸಿ, ವೈದ್ಯರಿಗೆ ತೋರಿಸಿ. ಅವರ ಅಳತೆಯ ಕೈಗವಸು ತಂದಿಡಿ, ಕೆಲಸ ಮುಗಿದ ಮೇಲೆ ಕೈಗೆ ಹಚ್ಚಿಕೊಳ್ಳಲು ಕೊಬ್ಬರಿಎಣ್ಣೆಯ ಬಟ್ಟಲನ್ನು ಸಿಂಕಿನ ಪಕ್ಕದಲ್ಲೇ ಇಡಿ.

ಇಷ್ಟನ್ನೂ ಒಂದೇ ದಿನ ಮಾಡಬೇಕಿಲ್ಲ. ಮನೆಯಲ್ಲಿರುವ ಸೋಪನ್ನು ಎಸೆಯದೆ, ನೀರು ಬೆರೆಸಿ, ಕಡಿಮೆ ಬಳಸಿ ಮುಗಿಸಿ. ಮುಂದಿನದನ್ನು ಕೊಳ್ಳುವಾಗ ಪೂರ್ತಿ ಪಟ್ಟಿ ಇರುವ, ಘಮ ಕಡಿಮೆಯಿರುವ, ಅರಿಶಿನವನ್ನು ಕೆಂಪಾಗಿಸದ ಸೋಪನ್ನು ಆರಿಸಿ. ಬೆಲೆ ಸ್ವಲ್ಪ ಹೆಚ್ಚಾದರೂ ಅರ್ಧ ಅಳತೆ ಬಳಸಿದರೆ ತಿಂಗಳ ಖರ್ಚು ಹೆಚ್ಚಾಗುವುದಿಲ್ಲ. ನಿಮ್ಮ ಮನೆಯ ಪಾತ್ರೆ ಬೆಳಗುವ ಕೈ ಯಾರದೇ ಆಗಿರಲಿ, ಆ ಕೈ ನೋಯದಂತೆ ನೋಡಿಕೊಳ್ಳುವ ಹೊಣೆ ಸೋಪು ಕೊಳ್ಳುವವರದು. ಅದನ್ನು ಮರೆಯಬೇಡಿ.